ಇಬ್ಬರನ್ನು ಬಿಟ್ಟು ಹೊರಟ ವಿಮಾನ

ನಮ್ಮ ಮೇಡಂ ನಿವೃತ್ತರಾದ ದಿನ ಟರ್ಮಿನಲ್ಲಿನ ಹಿಂಬದಿಯ ಸಣ್ಣ ಕೋಣೆಯಲ್ಲಿ ಕೇಕ್ ಕತ್ತರಿಸಿದೆವು. ಹೊಸ ಮ್ಯಾನೇಜರ್ ನನ್ನ ಕಡೆ ತಿರುಗಿ, “ಅವರ ಜೊತೆ ಜಾಸ್ತಿ ಕೆಲಸ ಮಾಡಿದೋರು ನೀವು. ಎರಡು ಮಾತು ಹೇಳಿ” ಎಂದರು. ನಾನು ಎದ್ದು ನಿಂತು, “ನಮ್ಮ ಮೇಡಂ ತುಂಬಾ...” ಎಂದೆ. ಮುಂದಿನ ಪದ ಸಿಗಲಿಲ್ಲ. ಒಳ್ಳೆಯವರು ಎನ್ನಲೇ, ಹಟಮಾರಿ ಎನ್ನಲೇ, ಗಟ್ಟಿಗಿತ್ತಿ ಎನ್ನಲೇ, ತಪ್ಪು ಮಾಡಿದವರು ಎನ್ನಲೇ? ಎಲ್ಲವೂ ಸರಿ ಅನ್ನಿಸಿತು, ಯಾವುದೂ ಸರಿಯಲ್ಲ ಅನ್ನಿಸಿತು. ನನ್ನ ಮಾತು ಅಷ್ಟೇ ಎಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ ಮಾತ್ರ ಪಕ್ಕಕ್ಕೆ ಬಾಗಿ, “ಪದ ಸಿಗ್ಲಿಲ್ಲ ಅಲ್ವಾ? ಬಿಡು, ಕೇಕ್ ತಿನ್ನು” ಎಂದರು.

ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಸೋಗಾನೆಯಲ್ಲಿ ವಿಮಾನ ಹಾರಲು ಶುರುವಾದಾಗ ಕೆಲಸಕ್ಕೆ ಸೇರಿದವಳು ನಾನು. ಜನ್ನಾಪುರದ ಮನೆಯಿಂದ ಸ್ಕೂಟರಿನಲ್ಲಿ ಬರುತ್ತೇನೆ. ಪ್ರಯಾಣಿಕರ ಗುರುತಿನ ಚೀಟಿ ನೋಡುವುದು, ಬ್ಯಾಗು ತೂಗುವುದು, ಬೋರ್ಡಿಂಗ್ ಪಾಸ್ ಕೊಡುವುದು ನನ್ನ ಕೆಲಸ. ಮೈಮೇಲಿನ ಸಮವಸ್ತ್ರ ವಿಮಾನ ಕಂಪನಿಯದು, ಸಂಬಳ ಕೊಡುವುದು ಒಂದು ಏಜೆನ್ಸಿ. ಮೇಡಂ ಮಾತ್ರ ಕಂಪನಿಯದೇ ನೌಕರರು, ನಮ್ಮ ಸ್ಟೇಷನ್ನಿಗೆ ಮ್ಯಾನೇಜರ್. ಹುಟ್ಟಿದ್ದು ಭದ್ರಾವತಿಯ ಓಲ್ಡ್ ಟೌನಿನಲ್ಲಿ. ತಂದೆ ಲಾರಿ ಮೆಕ್ಯಾನಿಕ್. ಓದು ಮುಗಿದದ್ದೇ ಊರು ಬಿಟ್ಟು, ದೊಡ್ಡ ದೊಡ್ಡ ಊರುಗಳ ವಿಮಾನ ನಿಲ್ದಾಣಗಳಲ್ಲಿ ಆಯುಷ್ಯ ಕಳೆದು, ಕೊನೆಯ ಕೆಲವು ವರ್ಷ ನಮ್ಮೂರಲ್ಲೇ ಕೆಲಸ ಮಾಡುತ್ತೇನೆಂದು ಕೇಳಿಕೊಂಡು ಬಂದಿದ್ದರು. ಶಿವಮೊಗ್ಗದ ಗೋಪಾಳದಲ್ಲಿ ಒಬ್ಬರೇ ಇದ್ದರು. ಯಾಕೆ ಒಬ್ಬರೇ ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮೊದಮೊದಲು ನಮಗೆ ಅವರನ್ನು ಕಂಡರೆ ಹೆದರಿಕೆ. ಎತ್ತರದ ಆಳು, ಗಿಡ್ಡಗೆ ಕತ್ತರಿಸಿದ ನರೆಗೂದಲು, ಬಾಯಲ್ಲಿ ಯಾವಾಗಲೂ ಒಂದು ಲವಂಗ. ಕೌಂಟರಿನ ಹಿಂದೆ ನಿಂತಾಗ ಒಂದು ಕಾಲಿನ ಬೂಟನ್ನು ಮೆಲ್ಲಗೆ ಕಳಚಿ, ಆ ಕಾಲನ್ನು ಇನ್ನೊಂದು ಪಾದದ ಮೇಲಿಟ್ಟುಕೊಂಡು ನಿಲ್ಲುವರು. ಮುಂದಿನಿಂದ ನೋಡಿದವರಿಗೆ ನೆಟ್ಟಗೆ ನಿಂತ ಅಧಿಕಾರಿ, ಹಿಂದಿನಿಂದ ನೋಡುವ ನಮಗೆ ಕೊಕ್ಕರೆ. ಕನ್ನಡಕ ತಲೆಯ ಮೇಲೇ ಇರುತ್ತಿತ್ತು, ಅದನ್ನು ಹುಡುಕುತ್ತಲೂ ಇರುತ್ತಿದ್ದರು. ಬೆಳಿಗ್ಗೆ “ರೂಲ್ ಅಂದ್ರೆ ರೂಲ್” ಅನ್ನುವರು. ಮಧ್ಯಾಹ್ನ ಅದೇ ಬಾಯಲ್ಲಿ “ರೂಲ್ ಬರೆದೋರೇನು ದೇವರಾ?” ಅನ್ನುವರು. ನಾವು ಎರಡಕ್ಕೂ “ಹೌದು ಮೇಡಂ” ಅನ್ನುತ್ತಿದ್ದೆವು.

ಕಂಪನಿಗೆ ಮಾನವ ಹಕ್ಕುಗಳ ನೀತಿ ಎಂಬುದೊಂದಿದೆ. ವರ್ಷಕ್ಕೊಮ್ಮೆ ಎಲ್ಲರೂ ಟ್ಯಾಬಿನಲ್ಲಿ ಅದರ ಪಾಠ ನೋಡಿ, ಪ್ರಶ್ನೆಗಳಿಗೆ ಉತ್ತರ ಒತ್ತಿ ಸರ್ಟಿಫಿಕೇಟ್ ಪಡೆಯಬೇಕು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಒಬ್ಬರು ಉತ್ತರ ಹೇಳಿದರೆ ಉಳಿದವರು ಒತ್ತಿಕೊಂಡು ಹೋಗುವುದು ಸುಲಭ. ಮೇಡಂ ಅದಕ್ಕೆ ಬಿಡಲಿಲ್ಲ. ಮಧ್ಯಾಹ್ನದ ವಿಮಾನ ಹೋದ ಮೇಲೆ ನಮ್ಮನ್ನೆಲ್ಲ ಕೂರಿಸಿ, ಒಂದೊಂದೇ ಪುಟವನ್ನು ಕನ್ನಡಕ್ಕೆ ತಿರುಗಿಸಿ ಓದಿದರು. ಯಾವ ಪ್ರಯಾಣಿಕರಿಗೂ ಭೇದ ಮಾಡಬಾರದು. ಅಂಗವಿಕಲರನ್ನು ಮರ್ಯಾದೆಯಿಂದ ಕರೆದೊಯ್ಯಬೇಕು. ನಮಗೆ ಕೆಲಸ ಮಾಡಿಕೊಡುವ ಏಜೆನ್ಸಿಗಳಲ್ಲೂ ಯಾರನ್ನೂ ಬಲವಂತದಿಂದ ದುಡಿಸಬಾರದು. ಆಮೇಲೆ ಮಾನವ ಕಳ್ಳಸಾಗಣೆಯ ಪುಟ ಬಂತು. ಒಬ್ಬರ ಪರವಾಗಿ ಇನ್ನೊಬ್ಬರೇ ಉತ್ತರ ಕೊಡುತ್ತಿದ್ದರೆ, ಫೋನು, ಗುರುತಿನ ಚೀಟಿ ಬೇರೆಯವರ ಕೈಲಿದ್ದರೆ, ಎಲ್ಲಿಗೆ ಹೋಗುತ್ತಿದ್ದೇನೆ ಎಂಬುದೇ ಅವರಿಗೆ ಗೊತ್ತಿಲ್ಲದಿದ್ದರೆ ಗಮನಿಸಿ. ಅನುಮಾನ ಬಂದರೆ ಭದ್ರತೆಯವರಿಗೆ ತಿಳಿಸಿ. ನೀವಾಗಿ ತಡೆಯಬೇಡಿ, ವಿಚಾರಣೆ ಮಾಡಬೇಡಿ. ಅದರ ಕೆಳಗೇ, ಬಟ್ಟೆ ನೋಡಿ, ಭಾಷೆ ಕೇಳಿ, ಬಡವರೆಂದು ಯಾರನ್ನೂ ಅನುಮಾನಿಸಬೇಡಿ ಎಂದಿತ್ತು.

“ಮೇಡಂ, ನೋಡಿ ಅನುಮಾನ ಪಡಿ ಅಂತಾನೂ ಇದೆ, ನೋಡಿ ಅನುಮಾನ ಪಡಬೇಡಿ ಅಂತಾನೂ ಇದೆ. ಏನ್ ಮಾಡೋದು?” ಎಂದೆ ನಾನು.

“ಎರಡೂ ಮಾಡೋದು.”

“ಹೆಂಗೆ?”

“ಅದು ಗೊತ್ತಿದ್ದಿದ್ರೆ ನಾನು ಪಾಠ ಬರೆಯೋ ಜಾಗದಲ್ಲಿ ಇರ್ತಿದ್ದೆ ಮಾರಾಯ್ತಿ, ಓದೋ ಜಾಗದಲ್ಲಿ ಇರ್ತಿರ್ಲಿಲ್ಲ.”

ಎಲ್ಲರೂ ನಕ್ಕರು. ಅದೇ ಧೈರ್ಯದಲ್ಲಿ ನಾನು ಇನ್ನೊಂದು ಕೇಳಿದೆ: “ಇದರಲ್ಲಿ ನೌಕರರ ಹಕ್ಕು ಅಂತ ಒಂದು ಕಡೆ ಇದೆ, ಏಜೆನ್ಸಿಯೋರ ಹಕ್ಕು ಅಂತ ಇನ್ನೊಂದು ಕಡೆ. ನಾನು ಯಾವ ಕಡೆ ಮೇಡಂ?” ಅವರು ನನ್ನ ಸಮವಸ್ತ್ರ ನೋಡಿದರು, ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಏಜೆನ್ಸಿಯ ಕಾರ್ಡು ನೋಡಿದರು. “ನನಗೂ ಅದು ಗೊಂದಲಾನೇ ಕಣಮ್ಮ” ಎಂದು ಪುಟ ತಿರುಗಿಸಿದರು.

ಪಾಠ ಓದಿದ್ದನ್ನು ಅವರು ಅಲ್ಲಿಗೇ ಬಿಡುವವರಾಗಿರಲಿಲ್ಲ, ಅದೇ ಕಷ್ಟ. ನಮ್ಮಲ್ಲಿಗೆ ಬರುವುದು ರೆಕ್ಕೆಗೆ ಫ್ಯಾನು ಇರುವ ಚಿಕ್ಕ ವಿಮಾನ. ಹಿಂಬಾಗಿಲಿನ ನಾಲ್ಕಾರು ಮೆಟ್ಟಿಲು ಹತ್ತಿ ಒಳಗೆ ಹೋಗಬೇಕು. ಗಾಲಿಕುರ್ಚಿಯವರಿಗೆಂದು ಒಂದು ಇಳಿಜಾರು ಹಲಗೆ ಇದೆ. ಒಂದು ದಿನ ಅದರ ಚಕ್ರ ಸಿಕ್ಕಿಕೊಂಡು ಅಲ್ಲಾಡದೆ ನಿಂತಿತು. ಅವತ್ತು ಬೆಂಗಳೂರಿಗೆ ಹೊರಟಿದ್ದವರಲ್ಲಿ ನಮ್ಮ ಜನ್ನಾಪುರದ ಒಬ್ಬ ಹಿರಿಯರಿದ್ದರು. ಸಕ್ಕರೆ ಕಾಯಿಲೆಯಿಂದ ಒಂದು ಕಾಲು ಹೋಗಿತ್ತು. ವಿಮಾನಕ್ಕೆ ಬ್ಯಾಗು ಏರಿಸುವ ಲೋಡರ್‌ಗಳಿಬ್ಬರು ಅವರನ್ನು ಎತ್ತಿಕೊಂಡೇ ಹತ್ತಿಸಲು ಮುಂದಾದರು.

“ಮುಟ್ಬೇಡಿ” ಎಂದು ಮೇಡಂ ಅಡ್ಡ ನಿಂತರು. “ಮೂಟೆ ಎತ್ತೋ ಹಾಗೆ ಮನುಷ್ಯರನ್ನ ಎತ್ತೋಕೆ ನಾನು ಬಿಡಲ್ಲ.”

ಹಿರಿಯರೇ ಕೈಮುಗಿದರು. “ಎತ್ಕೊಂಡು ಹೋಗ್ಲಿ ಬಿಡಮ್ಮ. ನನ್ನ ಮೊಮ್ಮಗ ಆದ್ರೆ ಎತ್ಕೊಳಲ್ವಾ? ನನ್ನಿಂದ ಎಲ್ಲರಿಗೂ ತಡ ಆಗ್ತಿದೆ, ನಾಚಿಕೆ ಆಗುತ್ತೆ.”

ಮೇಡಂ ಜಗ್ಗಲಿಲ್ಲ. ಹಲಗೆ ರಿಪೇರಿಯಾಗುವವರೆಗೆ ವಿಮಾನ ನಿಂತಿತು. ಪೈಲಟ್ ಸಿಡಿಮಿಡಿಗೊಂಡರು, ಒಳಗಿದ್ದವರು ಬೈದರು. ಬಿಸಿಲಿನಲ್ಲಿ ಕುರ್ಚಿಯ ಮೇಲೆ ತಲೆತಗ್ಗಿಸಿ ಕೂತಿದ್ದ ಆ ಹಿರಿಯರನ್ನು ನೋಡಿ ನನಗೆ ಮೇಡಂ ಮೇಲೇ ಸಿಟ್ಟು ಬಂತು. ಯಾರ ಮರ್ಯಾದೆ ಉಳಿಸಲು ಇದೆಲ್ಲ ಎಂದು ತಿಳಿಯಲಿಲ್ಲ. ಆಮೇಲೆ ಆ ಹಿರಿಯರು ಬೆಂಗಳೂರಿನಿಂದ ವಾಪಸ್ ಬಂದಿಳಿದ ದಿನ, ಸರಿಹೋಗಿದ್ದ ಹಲಗೆಯ ಮೇಲೆ ತಾವೇ ಕುರ್ಚಿಯ ಗಾಲಿ ತಿರುಗಿಸಿಕೊಂಡು ಇಳಿದರು. ಕೆಳಗೆ ಬಂದು, “ಎಲ್ಲಮ್ಮ ನಿಮ್ಮ ಆ ಜಗಳಗಂಟಿ? ತೋರ್ಸಿ, ನಾನೊಬ್ಬನೇ ಇಳಿದೆ ಅಂತ ಹೇಳ್ಬೇಕು” ಎಂದು ಕೇಳಿದರು. ಅವತ್ತು ಮೇಡಂ ರಜೆಯಲ್ಲಿದ್ದರು.

ಹಾಗೆಂದು ಅವರು ಎಲ್ಲರ ಪರ ನಿಲ್ಲುತ್ತಿದ್ದರು ಎನ್ನುವಂತೆಯೂ ಇಲ್ಲ. ಭದ್ರಾವತಿಯ ಉಕ್ಕಿನ ಕಾರ್ಖಾನೆ ಕಡೆಯ ತಮಿಳು ಹೆಂಗಸು ಸೆಲ್ವಿ ನಮ್ಮಲ್ಲಿ ನೆಲ ಒರೆಸುತ್ತಿದ್ದಳು. ಅವಳಿಗೆ ಕೂರಲು ಜಾಗವಿಲ್ಲ ಎಂದು ತಮ್ಮ ಆಫೀಸಿನ ಕುರ್ಚಿಯನ್ನೇ ಹೊರಗೆ ಹಾಕಿಸಿದ್ದು ಇದೇ ಮೇಡಂ. ಆದರೆ ಅದೇ ಸೆಲ್ವಿ ವಾರಕ್ಕೊಂದು ರಜೆ ಕೊಡಿಸಿ ಎಂದು ಕಣ್ಣಲ್ಲಿ ನೀರು ಹಾಕಿಕೊಂಡು ಕೇಳಿದಾಗ, “ಅದು ನಿನ್ನ ಏಜೆನ್ಸಿ ವಿಷಯ. ನನ್ನ ಕೈಲಿಲ್ಲ” ಎಂದುಬಿಟ್ಟರು. ಕುರ್ಚಿ ಕೊಟ್ಟವರು ರಜೆಯ ಮಾತು ಬಂದಾಗ ಯಾಕೆ ಕಲ್ಲಾದರು? ಅವರ ಕೈಲಿ ನಿಜವಾಗಿ ಇರಲಿಲ್ಲವೋ, ಇದ್ದೂ ಚಾಚಲಿಲ್ಲವೋ ನನಗೆ ಇವತ್ತಿಗೂ ತಿಳಿಯದು. ಸೆಲ್ವಿ ಮಾತ್ರ ಆ ಕುರ್ಚಿಯಲ್ಲಿ ಮತ್ತೆ ಕೂರಲಿಲ್ಲ.

ಮೇಡಂ ಬದುಕನ್ನು ತಿರುಗಿಸಿದ ಘಟನೆ ನಡೆದದ್ದು ಒಂದು ಬೇಸಿಗೆಯ ಬೆಳಿಗ್ಗೆ. ಹೈದರಾಬಾದಿನ ವಿಮಾನಕ್ಕೆ ನಾನು ಕೌಂಟರಿನಲ್ಲಿದ್ದೆ. ನಡುವಯಸ್ಸಿನ ಗಂಡಸೊಬ್ಬ ಇಪ್ಪತ್ತರ ಆಸುಪಾಸಿನ ಹುಡುಗಿಯನ್ನು ಕರೆದುಕೊಂಡು ಬಂದ. ಭದ್ರಾವತಿ ತಾಲ್ಲೂಕಿನ ಒಂದು ಹಳ್ಳಿಯವರು. ಇಬ್ಬರ ಆಧಾರ್ ಕಾರ್ಡೂ ಅವನ ಜೇಬಿನಲ್ಲಿತ್ತು. ಬ್ಯಾಗಿನಲ್ಲಿ ಏನಿದೆ ಎಂದು ಹುಡುಗಿಯನ್ನು ಕೇಳಿದೆ, ಅವನು ಉತ್ತರ ಕೊಟ್ಟ. ಕಿಟಕಿ ಪಕ್ಕ ಸೀಟು ಬೇಕಾ ಎಂದು ಕೇಳಿದೆ, ಅದಕ್ಕೂ ಅವನೇ, “ಯಾವುದಾದ್ರೂ ಕೊಡಿ” ಎಂದ. ಹುಡುಗಿಗೆ ಕಿಟಕಿ ಬೇಕಿತ್ತು. ಅದು ಅವಳ ಕಣ್ಣಲ್ಲೇ ಕಾಣುತ್ತಿತ್ತು. ಅವನ ಕೈಲಿ ಎರಡು ಫೋನುಗಳಿದ್ದವು. ಒಂದರ ಹಿಂದೆ ಗುಲಾಬಿ ಬಣ್ಣದ ಹೂವಿನ ಕವರ್.

ನನ್ನ ಪಕ್ಕದಲ್ಲಿದ್ದ ಮೇಡಂ ಕಳಚಿದ್ದ ಬೂಟನ್ನು ಹಾಕಿಕೊಂಡರು. ಕೌಂಟರಿನಿಂದ ಹೊರಗೆ ಹೋಗಿ ನಗುನಗುತ್ತಲೇ, “ಬಾಮ್ಮ, ಒಂದು ನಿಮಿಷ” ಎಂದು ಹುಡುಗಿಯ ಭುಜ ಹಿಡಿದು, ತಾಯಂದಿರು ಮಗುವಿಗೆ ಹಾಲು ಕೊಡುವ ಕೋಣೆಗೆ ಕರೆದೊಯ್ದರು. ನನಗೂ ಬರುವಂತೆ ಸನ್ನೆ ಮಾಡಿದರು. ಬಾಗಿಲು ಹಾಕಿದರು.

“ಯಾರಮ್ಮ ಅವರು?”

“ಚಿಕ್ಕಪ್ಪ.”

“ಎಲ್ಲಿಗೆ ಹೋಗ್ತಿದೀಯ?”

“ಹೈದರಾಬಾದ್‌ಗೆ. ಬ್ಯೂಟಿ ಪಾರ್ಲರ್ ಕೆಲಸ.”

“ಪಾರ್ಲರ್ ಹೆಸರೇನು? ಎಲ್ಲಿ ಉಳ್ಕೋತೀಯ?”

“ಅದೆಲ್ಲ ಚಿಕ್ಕಪ್ಪಂಗೆ ಗೊತ್ತು.”

“ನಿನ್ನ ಫೋನು ಅವರ ಹತ್ರ ಯಾಕಿದೆ?”

ಹುಡುಗಿ ಬಾಗಿಲ ಕಡೆ ನೋಡಿದಳು. ಹೊರಗೆ ಚಿಕ್ಕಪ್ಪ ಬಾಗಿಲು ಬಡಿಯತೊಡಗಿದ್ದ. ಮೇಡಂ ದನಿ ತಗ್ಗಿಸಿ, “ನಿನಗೆ ಇಷ್ಟ ಇಲ್ಲ ಅಂದ್ರೆ ಹೇಳು ಬೇಟಾ. ನಾನಿದೀನಿ” ಎಂದರು.

“ನನಗೆ ಇಷ್ಟ ಇದೆ” ಎಂದಳು ಅವಳು, ಒಮ್ಮೆಲೇ ತಲೆಯೆತ್ತಿ. “ನಾನು ಹೋಗ್ಬೇಕು. ನೀವು ಇಲ್ಲಿ ನಿಲ್ಸಿದ್ರೆ ನಾನು ಎಲ್ಲಿಗೆ ಹೋಗ್ಲಿ?”

ಪಾಠದಲ್ಲಿ ಆ ಪ್ರಶ್ನೆ ಇರಲಿಲ್ಲ. ಮೇಡಂ ಹೊರಗೆ ಬಂದು ಭದ್ರತೆಯವರನ್ನು ಕರೆದರು, ಪೊಲೀಸರಿಗೆ ತಿಳಿಸಿದರು, ಇಬ್ಬರ ಬೋರ್ಡಿಂಗ್ ನಿಲ್ಲಿಸಿದರು. ವಿಮಾನ ಅವರಿಬ್ಬರನ್ನು ಬಿಟ್ಟು ಹೊರಟಿತು. ಹುಡುಗಿ ಗಾಜಿನ ಗೋಡೆಗೆ ಹಣೆಯಿಟ್ಟು ಅದು ಮೇಲೇರುವುದನ್ನು ನೋಡುತ್ತಾ ನಿಂತಿದ್ದಳು.

ಪೊಲೀಸರು ಬಂದು ಎಲ್ಲರನ್ನೂ ಮರ್ಯಾದೆಯಿಂದಲೇ ವಿಚಾರಿಸಿದರು. ಹುಡುಗಿಯ ಅಪ್ಪನನ್ನು ಕರೆಸಿದರು. ಜೊತೆಗಿದ್ದವನು ನಿಜಕ್ಕೂ ತನ್ನ ತಮ್ಮನೇ, ತಾನೇ ಒಪ್ಪಿ ಕಳಿಸಿದ್ದು ಎಂದು ಅಪ್ಪ ಹೇಳಿದ. ಹುಡುಗಿಗೆ ಹದಿನೆಂಟು ದಾಟಿತ್ತು, ಅವಳೂ ಇಷ್ಟಪಟ್ಟೇ ಹೊರಟಿದ್ದೆ ಎಂದಳು. ತಡೆಯಲು ಕಾರಣವೇ ಉಳಿಯಲಿಲ್ಲ. ಹೊರಡುವಾಗ ಹುಡುಗಿ ಮೇಡಂ ಎದುರು ಬಂದು ನಿಂತಳು. “ವಿಮಾನ ಹತ್ತಿಸ್ತೀನಿ ಅಂತ ಚಿಕ್ಕಪ್ಪ ಹೇಳಿದಾಗಿಂದ ನಿದ್ದೆ ಮಾಡಿಲ್ಲ ನಾನು. ಎಲ್ಲರೆದುರು ಕಳ್ಳಿ ಥರ ಹಿಡಿದು ಕೂರಿಸಿದ್ರಲ್ಲ, ನಿಮಗೆ ಏನ್ ಸಿಕ್ತು?” ಎಂದು ಕೇಳಿ, ನೆಲಕ್ಕೆ ಉಗಿದು ಹೋದಳು. ಮೇಡಂ ಆ ಕಡೆ ನೋಡುತ್ತಲೇ ತಲೆಯ ಮೇಲಿದ್ದ ಕನ್ನಡಕಕ್ಕಾಗಿ ಮೇಜನ್ನೆಲ್ಲ ತಡಕಾಡಿದರು.

ಚಿಕ್ಕಪ್ಪ ಫೋನಿನಲ್ಲಿ ಹಿಡಿದಿದ್ದ ವಿಡಿಯೊ ಸಂಜೆಯೊಳಗೆ ಭದ್ರಾವತಿಯ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿತು. ಹಳ್ಳಿಯವರೆಂದು ಅವಮಾನ ಮಾಡಿದರು ಎಂದು ಕೆಲವರು ಬೈದರು. ಮೇಡಂ ಹೆಸರು ತಿಳಿದ ಮೇಲೆ ಇನ್ನು ಕೆಲವರು ಮಾತನ್ನು ಧರ್ಮದ ದಾರಿಗೆ ಎಳೆದರು. ಮೇಡಂ ಓಲ್ಡ್ ಟೌನಿನಲ್ಲಿರುವ ತಮ್ಮನ ಮನೆಗೆ ಒಂದಷ್ಟು ದಿನ ಹೋಗಲಿಲ್ಲ, ಅಷ್ಟೆ.

ಮುಖ್ಯ ಕಚೇರಿಯಿಂದ ವಿಚಾರಣೆಗೆ ಇಬ್ಬರು ಬಂದರು. ಬಹಳ ಮೆದುವಾಗಿ ಮಾತಾಡುವವರು. ನನ್ನನ್ನೂ ಕೇಳಿದರು, ಕಂಡದ್ದನ್ನು ಕಂಡಂತೆ ಹೇಳಿದೆ. ಮೇಡಂ ಉದ್ದೇಶ ಒಳ್ಳೆಯದು, ಆದರೆ ಪ್ರಯಾಣಿಕರನ್ನು ಪ್ರತ್ಯೇಕಿಸಿ, ಬಾಗಿಲು ಹಾಕಿ ಪ್ರಶ್ನಿಸಿದ್ದು ಕಂಪನಿಯ ನೀತಿಗೆ ವಿರುದ್ಧ, ಅದೂ ಮಾನವ ಹಕ್ಕಿನ ಉಲ್ಲಂಘನೆಯೇ ಎಂದು ತೀರ್ಮಾನಿಸಿದರು. ಮ್ಯಾನೇಜರ್ ಹುದ್ದೆ ಹೋಯಿತು. ಅವರಿಗಿಂತ ಎಷ್ಟೋ ಚಿಕ್ಕವರೊಬ್ಬರು ಮ್ಯಾನೇಜರಾಗಿ ಬಂದರು. ಮೇಡಂ ನನ್ನ ಪಕ್ಕದ ಕೌಂಟರಿನಲ್ಲಿ ಬ್ಯಾಗು ತೂಗುತ್ತಾ ನಿಂತರು.

“ನಿಮಗೆ ಅನ್ಯಾಯ ಆಯ್ತು ಮೇಡಂ” ಎಂದೆ ಒಮ್ಮೆ.

“ಅವರು ಹೇಳಿದ್ರಲ್ಲಿ ತಪ್ಪೇನಿದೆ? ಆ ಮಗು ಬಾಗಿಲು ಹಾಕಿಸ್ಕೊಂಡು ಕೂತಿದ್ದು ನಿಜ ತಾನೇ?”

“ಹಾಗಾದ್ರೆ ನೀವು ಮಾಡಿದ್ದು ತಪ್ಪಾ?”

“ಇನ್ನೊಂದ್ಸಲ ಬಂದ್ರೆ ಇನ್ನೊಂದ್ಸಲ ಹಾಗೇ ಮಾಡ್ತೀನಿ” ಎಂದರು. ಇದು ಉತ್ತರವೇ ಎಂದು ನಾನು ಬಹಳ ಹೊತ್ತು ಯೋಚಿಸಿದೆ.

ಮರುವರ್ಷದ ಪಾಠದಲ್ಲಿ ಹೊಸದೊಂದು ವಿಡಿಯೊ ಸೇರಿತ್ತು. ಒಂದು ಸಣ್ಣ ಊರಿನ ವಿಮಾನ ನಿಲ್ದಾಣ. ಎಚ್ಚರದ ಒಬ್ಬ ಉದ್ಯೋಗಿ, ಹೆದರಿದ ಹುಡುಗಿ, ಅವಳ ಫೋನು ಹಿಡಿದುಕೊಂಡ ಗಂಡಸು. ಉದ್ಯೋಗಿ ಮೆಲ್ಲಗೆ ಭದ್ರತೆಯವರಿಗೆ ತಿಳಿಸುತ್ತಾಳೆ, ಪೊಲೀಸರು ಬರುತ್ತಾರೆ, ಹುಡುಗಿ ಪಾರಾಗುತ್ತಾಳೆ. ಕೊನೆಯಲ್ಲಿ, ನಮ್ಮ ತರಬೇತಿಯಿಂದ ಒಂದು ಜೀವ ಉಳಿಯಿತು ಎಂಬ ಮಾತು. ಎಲ್ಲರೂ ಮೇಡಂ ಕಡೆ ತಿರುಗಿದೆವು. ಹೊಸ ಮ್ಯಾನೇಜರ್ ಕತ್ತು ತಗ್ಗಿಸಿ ಟ್ಯಾಬಿನ ತಂತಿ ಸುತ್ತತೊಡಗಿದರು.

“ಮೇಡಂ, ಇದು ನಿಮ್ದೇ ಕತೆ ಅಲ್ವಾ?” ಎಂದು ಸೆಲ್ವಿಯೇ ಬಾಯಿಬಿಟ್ಟು ಕೇಳಿದಳು.

“ನಂದಲ್ಲ. ಇದರಲ್ಲಿ ಹುಡುಗಿ ಥ್ಯಾಂಕ್ಸ್ ಹೇಳ್ತಾಳೆ” ಎಂದರು ಮೇಡಂ. ನಂತರ ಉತ್ತರಗಳನ್ನು ಒತ್ತಿ, ಎಲ್ಲರಂತೆ ಸರ್ಟಿಫಿಕೇಟ್ ತೆಗೆದುಕೊಂಡರು.

ಅವರು ನಿವೃತ್ತರಾಗಿ ಕೆಲವು ವಾರವಾಗಿತ್ತು. ಟರ್ಮಿನಲ್ಲಿನ ಹೊರಬಾಗಿಲಲ್ಲಿ ಒಬ್ಬಳು ಹುಡುಗಿ ಮೇಡಂ ಅವರನ್ನು ಕೇಳುತ್ತಿದ್ದಾಳೆ ಎಂದು ಕಾವಲಿನವರು ಹೇಳಿದರು. ಹೋಗಿ ನೋಡಿದರೆ ಆವತ್ತು ನೆಲಕ್ಕೆ ಉಗಿದು ಹೋದವಳೇ. ಸ್ವಲ್ಪ ದಪ್ಪಗಾಗಿದ್ದಳು. ಓಲ್ಡ್ ಟೌನಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ ಎಂದಳು. ಮೇಡಂ ಇಲ್ಲ, ನಿವೃತ್ತರಾದರು ಎಂದಾಗ ಅವಳ ಮುಖ ಬಾಡಿತು.

“ಬೈಯೋಕೆ ಬಂದಿದ್ಯಾ?” ಎಂದು ಕೇಳಿದೆ.

“ಅಲ್ಲಕ್ಕ. ಒಂದು ವಿಷಯ ಕೇಳ್ಬೇಕಿತ್ತು.”

ಕೆಲಸ ಮುಗಿಸಿ ಸ್ಕೂಟರಿನಲ್ಲಿ ಕೂರಿಸಿಕೊಂಡು ಗೋಪಾಳಕ್ಕೆ ಕರೆದೊಯ್ದೆ. ಮೇಡಂ ಬಾಗಿಲು ತೆಗೆದವರು ಅವಳನ್ನು ನೋಡಿ ಹಾಗೇ ನಿಂತುಬಿಟ್ಟರು. ಆಮೇಲೆ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟರು. ಹುಡುಗಿ ನಿಂತಲ್ಲಿಂದಲೇ ಮಾತಾಡಲು ಶುರುಮಾಡಿದಳು. ಆವತ್ತಿನ ಗಲಾಟೆಯ ನಂತರ ಚಿಕ್ಕಪ್ಪ ಅವಳನ್ನು ಬಿಟ್ಟು ಅವಳ ತಂಗಿಯನ್ನು ಅದೇ ಕೆಲಸಕ್ಕೆ ಕರೆದೊಯ್ದಿದ್ದ. ತಂಗಿಗೆ ಆಗಷ್ಟೇ ಹದಿನೆಂಟು ತುಂಬಿತ್ತು. ವಿಮಾನದ ಸಹವಾಸ ಬೇಡವೆಂದು ರೈಲಿನಲ್ಲಿ ಹೋದರು. ತಂಗಿ ದುಡ್ಡು ಕಳಿಸುತ್ತಾಳೆ. ಭಾನುವಾರ ಫೋನು ಮಾಡುತ್ತಾಳೆ, ಆದರೆ ಬೇರೆ ಯಾರದೋ ನಂಬರಿನಿಂದ.

“ಏನ್ ಕೇಳಿದ್ರೂ ‘ಚೆನ್ನಾಗಿದೀನಿ’ ಅಂತಾಳೆ. ಜ್ವರ ಬಂದಿತ್ತಂತಲ್ಲ ಅಂದ್ರೂ ಚೆನ್ನಾಗಿದೀನಿ. ಪಾರ್ಲರ್ ಹೇಗಿದೆ ಅಂದ್ರೂ ಚೆನ್ನಾಗಿದೆ. ಪಕ್ಕದಲ್ಲಿ ಯಾರೋ ಉಸಿರಾಡೋದು ಕೇಳಿಸುತ್ತೆ. ಅವಳು ಹಾಗಲ್ಲ ಮೇಡಂ, ಮನೇಲಿ ಇದ್ದಾಗ ಒಂದು ನಿಮಿಷ ಬಾಯಿ ಮುಚ್ಚಿದವಳಲ್ಲ. ಅಪ್ಪ ‘ದುಡ್ಡು ಬರ್ತಿದೆ, ಸುಮ್ನಿರು’ ಅಂತಾರೆ. ಅವಳು ನಿಜವಾಗ್ಲೂ ಚೆನ್ನಾಗಿದಾಳಾ ಇಲ್ವಾ ಅಂತ ಹೆಂಗೆ ಗೊತ್ತು ಮಾಡ್ಕೊಳೋದು? ಆವತ್ತು ನನ್ನ ನೋಡಿ ನಿಮಗೆ ಹೆಂಗೆ ಅನುಮಾನ ಬಂತು?”

ಚಹಾ ಉಕ್ಕಿತು. ಮೇಡಂ ಒಲೆ ಆರಿಸಲಿಲ್ಲ, ನಾನೇ ಎದ್ದು ಆರಿಸಿದೆ.

“ನಿನ್ನನ್ನ ಇಳಿಸಿ ಅವಳನ್ನ ಹತ್ತಿಸಿದ ಹಾಗಾಯ್ತು” ಎಂದರು ಅವರು, ಯಾರಿಗೆ ಎಂದಿಲ್ಲದೆ.

“ನೀವ್ಯಾಕೆ? ಚಿಕ್ಕಪ್ಪ ಹತ್ತಿಸಿದ್ದು” ಎಂದಳು ಹುಡುಗಿ.

ಮರುದಿನದಿಂದ ಮೇಡಂ ಓಡಾಟ ಶುರುವಾಯಿತು. ಹುಡುಗಿಯ ಹಳ್ಳಿಗೆ ಹೋಗಿ ಅಪ್ಪನೊಡನೆ ಕೂತು ಮಾತಾಡಿದರು. ಅವನು ಮೊದಲು ರೇಗಿದ. ದೊಡ್ಡ ಮಗಳೂ ಪಟ್ಟು ಹಿಡಿದ ಮೇಲೆ ಮೆತ್ತಗಾಗಿ, ತಮ್ಮನಿಂದ ಹೈದರಾಬಾದಿನ ವಿಳಾಸ ಪಡೆದುಕೊಟ್ಟ. ಈ ಸಲ ಮೇಡಂ ಒಂದು ಹೆಜ್ಜೆಯನ್ನೂ ಕ್ರಮ ತಪ್ಪಿಸಿ ಇಡಲಿಲ್ಲ. ಅಲ್ಲಿನ ಮಹಿಳಾ ಸಹಾಯವಾಣಿಗೆ ತಿಳಿಸಿ, ಜೊತೆಗೆ ಒಬ್ಬರು ಬರುತ್ತಾರೆ ಎಂದು ಖಾತ್ರಿ ಮಾಡಿಕೊಂಡೇ ಹೊರಟರು. ಹುಡುಗಿಯನ್ನೂ ಕರೆದುಕೊಂಡರು. ಅವರಿಬ್ಬರ ಬೋರ್ಡಿಂಗ್ ಪಾಸು ಕೊಟ್ಟವಳು ನಾನೇ. ಹುಡುಗಿಗೆ ಕಿಟಕಿ ಪಕ್ಕದ ಸೀಟು ಕೊಟ್ಟೆ.

ಅವರು ಮರಳಿ ಬರುವ ದಿನ ವಿಮಾನ ಇಳಿದಾಗ ನಾನು ಮೆಟ್ಟಿಲಿನ ಹತ್ತಿರವೇ ನಿಂತಿದ್ದೆ. ಮೂವರು ಇಳಿಯುತ್ತಾರೆಂದು ಕಾದೆ. ಮೇಡಂ ಇಳಿದರು, ಹಿಂದೆ ಹುಡುಗಿ ಇಳಿದಳು. ಆಮೇಲೆ ಬಂದವರೆಲ್ಲ ಬೇರೆಯವರು.

“ಸಿಗ್ಲಿಲ್ವಾ ಮೇಡಂ?”

“ಸಿಕ್ಕಿದ್ಲು. ಬರಲ್ಲ ಅಂದ್ಲು.”

ಪಾರ್ಲರೂ ಇಲ್ಲ, ಏನೂ ಇಲ್ಲ. ದೊಡ್ಡ ಅಪಾರ್ಟ್‌ಮೆಂಟಿನ ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಯನ್ನು ನೋಡಿಕೊಳ್ಳುವ ಕೆಲಸ. ಹೊಡೆತ ಬಡಿತ ಇಲ್ಲ, ಹೊಟ್ಟೆ ತುಂಬ ಊಟ ಇದೆ. ಆದರೆ ಬಂದ ದಿನದಿಂದ ತಂಗಿ ಗೇಟು ದಾಟಿರಲಿಲ್ಲ. ಫೋನು ಮನೆಯೊಡತಿಯ ಬೀರುವಿನಲ್ಲಿ. ಹುಡುಗಿ ಹಾಳಾಗಬಾರದು ಎಂದು ಎತ್ತಿಟ್ಟಿದ್ದೇನೆ ಎಂದರಂತೆ ಆಕೆ. ಅವರೂ ಓದಿದವರು, ಮಾತಾಡಿಸಿದರೆ ಒಳ್ಳೆಯವರಂತೆಯೇ ಕಾಣುತ್ತಿದ್ದರಂತೆ. ಸಹಾಯವಾಣಿಯವರು ಕಾನೂನಿನ ಮಾತೆತ್ತಿದ ಮೇಲೆ ಫೋನು ತಂಗಿಯ ಕೈಗೆ ಬಂತು, ಭಾನುವಾರ ರಜೆ ಎಂದು ಮನೆಯವರು ಒಪ್ಪಿಕೊಂಡರು, ಹೊರಗೆ ಹೋಗಿಬರಬಹುದು ಎಂದರು. ಸಹಾಯವಾಣಿಯವರು ಆಗಾಗ ಬಂದು ನೋಡುತ್ತೇವೆ ಎಂದೂ ಹೇಳಿದರು.

“ಅಕ್ಕ ಅತ್ತು ಕರೆದ್ಲು. ನಾನು ಕರೆದೆ. ‘ಊರಿಗೆ ಬಂದು ಏನ್ ಮಾಡ್ಲಿ’ ಅಂದ್ಲು. ಬಾಯಲ್ಲಿ ಬರಲ್ಲ ಬರಲ್ಲ ಅಂತಿದಾಳೆ, ಗೇಟಿನ ತನಕ ನನ್ನ ಕೈ ಬಿಡ್ಲಿಲ್ಲ” ಎಂದರು ಮೇಡಂ. ತಮ್ಮ ಬಲಗೈಯನ್ನು ಮುಂದೆ ಹಿಡಿದು ನೋಡಿಕೊಂಡರು. “ಬಾಯಿ ಮಾತು ನಂಬ್ಲಾ, ಕೈ ನಂಬ್ಲಾ? ಎಳ್ಕೊಂಡು ಬರಬಹುದಿತ್ತು. ಹಿಂದೆ ಆಗಿದ್ರೆ ಎಳ್ಕೊಂಡೇ ಬರ್ತಿದ್ದೆ.”

“ಬಿಟ್ಟು ಬಂದಿದ್ದು ಸರಿ ಅಲ್ವಾ ಮೇಡಂ? ಅವಳಿಗೆ ಇಷ್ಟ ಇಲ್ವಲ್ಲ.”

“ಗೊತ್ತಿಲ್ಲ ಕಣಮ್ಮ. ನನಗೆ ಏನೂ ಗೊತ್ತಾಗ್ತಿಲ್ಲ.”

ಅಷ್ಟು ವರ್ಷಗಳಲ್ಲಿ ಅವರು ದಣಿದದ್ದನ್ನು ನಾನು ನೋಡಿದ್ದು ಅವತ್ತೇ. ಹೊರಗೆ ಬರುವವರೆಗೂ ಹುಡುಗಿ ಅವರ ಬ್ಯಾಗು ಹಿಡಿದುಕೊಂಡು ಹಿಂದೆ ಹಿಂದೆಯೇ ಬಂದಳು. ಭದ್ರಾವತಿಯ ಬಸ್ಸು ಹಿಡಿಯಬೇಕಾದವಳು ಅದನ್ನು ಬಿಟ್ಟು, ಆಟೋದಲ್ಲಿ ಅವರ ಜೊತೆ ಗೋಪಾಳಕ್ಕೇ ಹೋದಳು.

ಅದಾದ ಮೇಲಿನ ಭಾನುವಾರ ನನಗೆ ಬಿಡುವಿತ್ತು. ಮೇಡಂ ಊಟಕ್ಕೆ ಕರೆದಿದ್ದರು. ಊಟ ಮುಗಿಸಿ ಮಾತಾಡುತ್ತಾ ಕೂತಿದ್ದಾಗ ಅವರ ಫೋನು ಬಡಿದುಕೊಂಡಿತು. ನೋಡಿದವರೇ ನೆಟ್ಟಗಾದರು. “ತಂಗಿ. ಅವಳದೇ ನಂಬರು” ಎಂದರು.

ನನಗೂ ಕೇಳಿಸಲಿ ಎಂದು ನಾನು ಸ್ಪೀಕರ್ ಒತ್ತಲು ಕೈಚಾಚಿದೆ. ಮೇಡಂ ಫೋನನ್ನು ಆ ಕಡೆಗೆ ಸರಿಸಿ ಕಿವಿಗೆ ಹಿಡಿದರು. ಅತ್ತಲಿಂದ ಏನು ಬರುತ್ತಿದೆಯೋ ನನಗೆ ತಿಳಿಯುತ್ತಿರಲಿಲ್ಲ. ಇತ್ತಲಿಂದ ಬರೀ “ಹೂಂ... ಹೂಂ... ಅಯ್ಯೋ... ಆಮೇಲೆ?” ಮೊದಮೊದಲು ಅವರ ಹುಬ್ಬು ಗಂಟಾಗಿತ್ತು. ಎದ್ದು ಕಿಟಕಿಯ ತನಕ ಹೋದರು, ತಿರುಗಿ ಬಂದರು. ಮಾತು ಮುಗಿಯುವಂತೆ ಕಾಣಲಿಲ್ಲ. ಏನಾದರೂ ಆಗಬಾರದ್ದು ಆಗಿದೆಯೇ ಅನ್ನಿಸಿತು. ಏನು ಎಂದು ಸನ್ನೆಯಲ್ಲಿ ಕೇಳಿದೆ.

ಮೇಡಂ ಫೋನಿಗೆ ಅಂಗೈ ಅಡ್ಡ ಹಿಡಿದರು. ಅವರ ಕಣ್ಣಲ್ಲಿ ನೀರಿತ್ತು, ಮುಖ ಮಾತ್ರ ಹಬ್ಬದಂತಿತ್ತು.

“ಬೈತಿದಾಳೆ ಕಣೆ! ಮುದುಕಿ ಮಾತ್ರೆ ಉಗುಳ್ತಾಳಂತೆ, ಸಾರಿಗೆ ಹುಣಸೆಹಣ್ಣು ಸುರೀತಾರಂತೆ, ಪಕ್ಕದ ಮನೆ ನಾಯಿ ಮಲಗೋಕೆ ಬಿಡಲ್ವಂತೆ. ಅಕ್ಕಂಗೂ ಬೈದ್ಲು, ನನಗೂ ಬೈದ್ಲು. ಒಂದ್ಸಲಾನೂ ಚೆನ್ನಾಗಿದೀನಿ ಅನ್ಲಿಲ್ಲ!”

ಮತ್ತೆ ಫೋನನ್ನು ಕಿವಿಗೆ ಒತ್ತಿಕೊಂಡು ಕುರ್ಚಿ ಎಳೆದು ಕೂತರು. “ಹೇಳು ಬೇಟಾ” ಎಂದರು. “ನನಗೇನೂ ಕೆಲಸ ಇಲ್ಲ. ಎಲ್ಲಾ ಹೇಳು.”